ನಾಲ್ಕು ಬೆರಳಿನಷ್ಟು ಕಡಿಮೆ

ಆ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಇಸ್ತ್ರಿ ಮೇಜುಗಳು ಆರು. ಮೂರನೆಯದು ಗೆರೆಯಕ್ಕನದು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಅವಳು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯ ಮೇಲೆ ಬೆರಳಾಡಿಸಿದರೆ ಬೆರಳೇ ಕುಯ್ದುಕೊಂಡೀತು ಎಂದು ಯಾರೋ ತಮಾಷೆಗೆ ಹೇಳಿದ್ದೇ ನೆಪವಾಗಿ, ಇಪ್ಪತ್ತಾರು ವರ್ಷಗಳಿಂದ ಅವಳು ಎಲ್ಲರಿಗೂ ಗೆರೆಯಕ್ಕ. ಮೂರನೆಯ ಮೇಜಿನ ಮೇಲೆ, ಗೋಡೆಯ ತುದಿಯಲ್ಲಿ, ರಸ್ತೆಯ ಮಟ್ಟಕ್ಕೆ ಒಂದು ಸಣ್ಣ ಜಾಲರಿ ಕಿಟಕಿ. ಅದರಾಚೆ ಜನರ ಪಾದಗಳು ಮಾತ್ರ ಕಾಣುತ್ತಿದ್ದವು. ಯಾರ ಚಪ್ಪಲಿ ಸವೆದಿದೆ, ಯಾರು ಹೊಸ ಬೂಟು ಕೊಂಡಿದ್ದಾರೆ, ಯಾವ ಹುಡುಗಿ ಯಾರಿಗಾಗಿ ನಿಧಾನವಾಗಿ ನಡೆಯುತ್ತಿದ್ದಾಳೆ, ಎಲ್ಲವೂ ಅವಳಿಗೆ ಗೊತ್ತು. ಆವಿಯ ಬುಸುಗುಟ್ಟುವಿಕೆಯ ನಡುವೆ ಆ ಒಂದು ಗೇಣು ಬೆಳಕು ಅವಳ ಆಸ್ತಿ.

ಒಂದು ಸೋಮವಾರ ಬೆಳಿಗ್ಗೆ ಅವಳ ಬಲಗೈ ಕಿವಿಯವರೆಗೆ ಏರಿ ಅಲ್ಲೇ ನಿಂತುಬಿಟ್ಟಿತು.

ಇಸ್ತ್ರಿಯಾದ ಕೋಟುಗಳನ್ನು ಹ್ಯಾಂಗರಿಗೆ ಹಾಕಿ ಆರೂ ಮೇಜುಗಳ ಹಿಂದೆ ಉದ್ದಕ್ಕೆ ಹಾದಿರುವ ಕಂಬಿಗೆ ನೇತುಹಾಕಬೇಕು. ಕಂಬಿ ನೆಲದಿಂದ ಆರೂವರೆ ಅಡಿ ಮೇಲೆ. ದಿನಕ್ಕೆ ಇನ್ನೂರು ಸಲ ಕೈ ಮೇಲೇರಬೇಕು, ಇಳಿಯಬೇಕು. ಅಂದು ಏರಿದ ಕೈ ಮುಂದಕ್ಕೆ ಹೋಗಲೊಲ್ಲದು, ಹಿಂದಕ್ಕೂ ಬಾರದು. ಭುಜದೊಳಗೆ ಯಾರೋ ಬೀಗ ಜಡಿದಂತಾಯಿತು. ಹ್ಯಾಂಗರು ಜಾರಿ, ಅಡುಗೆ ಮುಖ್ಯಸ್ಥರ ಬಿಳಿ ಕೋಟು ಒದ್ದೆ ನೆಲದ ಮೇಲೆ ಬಿತ್ತು. ಬಿದ್ದಿದ್ದನ್ನು ಮೇಲ್ವಿಚಾರಕ ನೋಡಿದ.

ಅವನು ಕೆಟ್ಟವನಲ್ಲ. ಮೂವತ್ತೈದು ವರ್ಷದ, ಎತ್ತರದ ಮನುಷ್ಯ, ಎಲ್ಲರೊಂದಿಗೂ ಮರ್ಯಾದೆಯಿಂದಲೇ ಮಾತಾಡುತ್ತಿದ್ದ. ಆ ದಿನವೂ ಧ್ವನಿ ಏರಿಸಲಿಲ್ಲ.

"ಅಕ್ಕಾ, ಎರಡು ವಾರದಿಂದ ನಿಮ್ಮ ಕೈ ತಡವರಿಸೋದನ್ನ ನೋಡ್ತಾನೇ ಇದ್ದೀನಿ. ಟವಲ್ ಮಡಿಸೋ ಕಡೆ ಹೋಗಿಬಿಡಿ. ಕೂತು ಮಾಡೋ ಕೆಲಸ, ಆರಾಮಾಗಿರುತ್ತೆ."

ಟವಲ್ ಮೂಲೆ ಎಂದರೆ ಏನೆಂದು ನೆಲಮಾಳಿಗೆಯಲ್ಲಿ ಎಲ್ಲರಿಗೂ ಗೊತ್ತು. ನಿನ್ನೆ ಸೇರಿದವರು ಅಲ್ಲಿ ಕೂರುತ್ತಾರೆ, ನಾಳೆ ಹೋಗಬೇಕಾದವರು ಅಲ್ಲಿ ಕೂರುತ್ತಾರೆ. ಮೇಜು ಬಿಟ್ಟು ಅಲ್ಲಿಗೆ ಹೋದವರು ಮತ್ತೆ ಮೇಜಿಗೆ ಬಂದದ್ದನ್ನು ಯಾರೂ ಕಂಡಿಲ್ಲ. ಅಲ್ಲಿ ಕಿಟಕಿಯೂ ಇಲ್ಲ.

"ನಾನು ಹೋಗಲ್ಲ ಸಾರ್," ಎಂದಳು ಗೆರೆಯಕ್ಕ.

"ಕೈ ಏಳ್ತಿಲ್ವಲ್ಲಕ್ಕಾ."

"ಏಳುತ್ತೆ. ಟೈಮ್ ಕೊಡಿ."

ಅವನು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದ. "ಆರು ವಾರ. ಅಲ್ಲೀವರೆಗೆ ನೇತುಹಾಕೋದನ್ನ ಬೇರೆಯವರು ಮಾಡ್ಲಿ. ಆಮೇಲೆ ನನ್ನ ಮುಂದೆ ಒಂದು ಕೋಟು ಆ ಕಂಬಿಗೆ ಹಾಕಿ ತೋರಿಸಿ. ಮೇಜು ನಿಮ್ದೇ. ಆಗಲಿಲ್ಲ ಅಂದ್ರೆ ನೀವೇ ಎದ್ದು ಟವಲ್ ಕಡೆ ಹೋಗ್ಬೇಕು."

"ಆಯ್ತು," ಎಂದಳು.

ಎಡಗೈಯಿಂದ ನೇತುಹಾಕಲು ನೋಡಿದಳು. ಎರಡೇ ದಿನಕ್ಕೆ ಆ ಭುಜವೂ ಮುಲುಗತೊಡಗಿತು. ಕೊನೆಗೆ ಕಂಡ ಡಾಕ್ಟರು ಬಲತೋಳನ್ನು ಆ ಕಡೆ ಈ ಕಡೆ ತಿರುಗಿಸಿ, "ಭುಜ ಹಿಡ್ಕೊಂಡಿದೆ. ಮಾತ್ರೆ ನೋವಿಗಷ್ಟೆ. ಬಿಡಿಸ್ಕೋಬೇಕಾದವರು ನೀವು. ಯೋಗಕ್ಕೆ ಹೋಗಿ, ಆದ್ರೆ ಭುಜ ಹಿಡಿದಿದೆ ಅಂತ ಮೊದಲೇ ಹೇಳಿ," ಎಂದು ಚೀಟಿಯ ಹಿಂದೆ ಒಂದು ವಿಳಾಸ ಬರೆದುಕೊಟ್ಟರು. ಗ್ರಂಥಾಲಯದ ಮಹಡಿ ಮೇಲಿನ ಹಾಲು, ಬೆಳಿಗ್ಗೆ ಆರೂವರೆ. ಯಾವ ವಯಸ್ಸಿನವರೂ ಬರಬಹುದು. ಒಂದು ಹಳೆಯ ಬೆಡ್‌ಶೀಟ್ ತರಬೇಕು.

ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವನು. ಈಗ ಏಣಿ ಹತ್ತುವುದನ್ನು ಬಿಟ್ಟು, ಅವರಿವರ ಕುರ್ಚಿ ಮೇಜುಗಳಿಗೆ ಮೆರುಗೆಣ್ಣೆ ಹಚ್ಚಿಕೊಂಡು ಮನೆಯಲ್ಲೇ ಇರುತ್ತಿದ್ದ. ಸುದ್ದಿ ಕೇಳಿ ಅವನ ಕೈಯ ಬ್ರಶ್ಶು ಅರ್ಧಕ್ಕೇ ನಿಂತಿತು.

"ಯೋಗಾನಾ? ಚಪ್ಪಲಿ ಹಾಕ್ಕೊಳ್ಳೋವಾಗ್ಲೇ ಗೋಡೆ ಹಿಡ್ಕೊಳ್ತೀಯಲ್ಲೇ."

"ಅಲ್ಲೂ ಗೋಡೆ ಇರುತ್ತೆ."

"ಅಲ್ಲಿ ಎಲ್ರೂ ರಬ್ಬರ್ ಇದ್ದ ಹಾಗೆ ಇರ್ತಾರಂತೆ. ಇಪ್ಪತ್ತು ವಯಸ್ಸಿನವರು."

"ಇರ್ಲಿ. ನಾನೂ ಒಂದು ಕಾಲಕ್ಕೆ ಇಪ್ಪತ್ತು ವಯಸ್ಸಿನವಳೇ. ನಿಮ್ಮ ಪೈಜಾಮ ಒಂದು ಕೊಡಿ."

"ನನ್ನ ಪೈಜಾಮ ಯಾಕೆ?"

"ಕಾಲು ಎತ್ತಬೇಕಾಗುತ್ತೆ ರೀ. ನಾನು ಎತ್ತಿದ್ರೆ ಜನ ಓಡಿಹೋಗಬಾರ್ದು."

ಮನೆಯಲ್ಲಿ ಹೀಗೆ ಬಾಯಿ ಮುಂದಾಗಿತ್ತು, ನಿಜ. ಮರುದಿನ ಗ್ರಂಥಾಲಯದ ಮೆಟ್ಟಿಲ ಮೇಲೆ ಕಾಲೇ ಮುಂದಾಗಲಿಲ್ಲ. ಹನ್ನೊಂದನೆಯ ಮೆಟ್ಟಿಲಲ್ಲಿ ನಿಂತು, ಗಂಡನ ಪೈಜಾಮವನ್ನು ಒಮ್ಮೆ, ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡಳು. ಐವತ್ತೇಳು ವರ್ಷದ ದೇಹವನ್ನು ಹೊತ್ತು ತಂದು ಪರರ ಮುಂದೆ ಬಗ್ಗಿಸುವುದೆಂದರೇನು? ಹಿಂದಿನಿಂದ ಬಂದ ಹೆಂಗಸೊಬ್ಬಳು, "ಕ್ಲಾಸಿಗಾ?" ಎಂದು ಕೇಳಿದಳು. "ಇಲ್ಲ, ಪುಸ್ತಕಕ್ಕೆ ಬಂದಿದ್ದೆ," ಎಂದು ಗೆರೆಯಕ್ಕ ಸರಸರನೆ ಕೆಳಗಿಳಿದಳು. ಗ್ರಂಥಾಲಯದ ಬಾಗಿಲು ತೆರೆಯಲು ಇನ್ನೂ ಮೂರೂವರೆ ಗಂಟೆಯಿತ್ತು. ಆದರೂ ಸುಳ್ಳಿಗೆ ಮರ್ಯಾದೆ ಕೊಟ್ಟು ಐದು ನಿಮಿಷ ಆ ಮುಚ್ಚಿದ ಬಾಗಿಲ ಮುಂದೆ ನಿಂತಳು. ನಿಂತಿದ್ದಾಗಲೇ ತನ್ನ ಮೇಲೆ ತನಗೇ ಸಿಟ್ಟು ಬಂತು. ಟವಲ್ ಮೂಲೆ ಕಣ್ಣಿಗೆ ಕಟ್ಟಿತು. ಮತ್ತೆ ಮೆಟ್ಟಿಲು ಹತ್ತಿದಳು.

ಕಲಿಸುವವಳು ಶಾಲೆಯೊಂದರ ಆಟದ ಟೀಚರು. ಮೈದಾನದ ಆಚೆ ತುದಿಗೆ ಕೇಳುವಂತೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು. ಉಸಿರು ಬಿಡಿ ಎಂದು ಮೆತ್ತಗೆ ಹೇಳಿದರೂ ಕಿಟಕಿಯ ಗಾಜು ನಡುಗುವಂತಿತ್ತು. ಬಾಗಿಲಲ್ಲೇ ಗೆರೆಯಕ್ಕ ಭುಜದ ಸಂಗತಿ ಹೇಳಿದಳು. "ನೋವು ಬಂದ ಕಡೆ ನಿಲ್ಲಿಸಿ, ಅಲ್ಲಿಂದ ಮುಂದೆ ಹೋಗ್ಬೇಡಿ," ಎಂದಳು ಟೀಚರು. ಹದಿನಾಲ್ಕು ಜನರಿದ್ದರು. ಇಪ್ಪತ್ತು ವಯಸ್ಸಿನವರು ಇಬ್ಬರೇ. ಗೆರೆಯಕ್ಕ ಗೋಡೆಯ ಪಕ್ಕದ ಜಾಗ ಹಿಡಿದು ಬೆಡ್‌ಶೀಟ್ ಹಾಸಿದಳು. ಅದು ಒಂಬತ್ತು ವರ್ಷ ಹಳೆಯದು, ಆದರೆ ಅವಳ ಕೈಯಲ್ಲಿ ಇಸ್ತ್ರಿಯಾದದ್ದು. ಹಾಸಿದ ಮೇಲೆ ನಿಂತ ನೀರಿನಂತೆ ಕಾಣುತ್ತಿತ್ತು. ಹಾಸಿದವಳು ಅದರ ಪಕ್ಕದಲ್ಲಿ, ಬರಿಯ ನೆಲದ ಮೇಲೆ ನಿಂತಳು. ಕೂರಿ ಎಂದಾಗ ನೆಲದ ಮೇಲೆ ಕೂತಳು. ಮಲಗಿ ಎಂದಾಗ ನೆಲದ ಮೇಲೆಯೇ ಮಲಗಿದಳು. ಬಿಳಿ ಬೆಡ್‌ಶೀಟ್ ಅವಳ ಮಗ್ಗುಲಲ್ಲಿ ಒಬ್ಬಂಟಿಯಾಗಿ ಚಾಚಿಕೊಂಡಿತ್ತು.

ಟೀಚರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಮ್ಮಾ, ಬೆಡ್‌ಶೀಟಿಗೆ ಯೋಗ ಕಲಿಸೋಕೆ ಕರ್ಕೊಂಡು ಬಂದ್ರಾ?"

ಇಡೀ ಹಾಲು ನಕ್ಕಿತು. ಮಲಗಿದ್ದ ಗೆರೆಯಕ್ಕನಿಗೆ ಕಿವಿಯವರೆಗೆ ಬಿಸಿ ಏರಿತು.

ಅವಳು ಏನೆಂದು ಹೇಳಬೇಕು? ಕೆಲಸಕ್ಕೆ ಸೇರಿದ ಮೊದಲ ವಾರ ಕೆಳಗೆ ಜೋತುಬಿದ್ದಿದ್ದ ಮೇಜುಬಟ್ಟೆಯೊಂದರ ಅಂಚನ್ನು ತಿಳಿಯದೆ ತುಳಿದಿದ್ದಳು. ಆಗಿನ ಮೇಲ್ವಿಚಾರಕ, ಈಗಿನವನಲ್ಲ, ಅದಿದ್ದ ಇಡೀ ಬಟ್ಟೆಗಂಟನ್ನು ಎಲ್ಲರ ಮುಂದೆ ನೆಲಕ್ಕೆ ಸುರಿಸಿ ಅವಳಿಂದಲೇ ಮತ್ತೆ ಒಗೆಸಿದ್ದ. "ಬಟ್ಟೆ ಅತಿಥಿಯದು, ಕಾಲು ನಿನ್ನದು. ಎರಡೂ ಸೇರಬಾರದು." ಅಂದಿನಿಂದ ಅವಳ ಕಾಲು ಯಾವ ಹಾಸನ್ನೂ ತುಳಿದಿರಲಿಲ್ಲ. ಮನೆಯಲ್ಲಿ ಹಾಸಿಗೆ ಸರಿಮಾಡುವಾಗಲೂ ಮಂಚವನ್ನು ಸುತ್ತಿ ಸುತ್ತಿ ಬರುತ್ತಿದ್ದಳು. ಅದೊಂದು ಆಜ್ಞೆ ಎನ್ನುವುದೂ ಮರೆತುಹೋಗಿ, ಅದು ಅವಳ ಪಾದದ ಸ್ವಭಾವವೇ ಆಗಿತ್ತು.

ಅವಳು ಎದ್ದಳು. ಬೆಡ್‌ಶೀಟಿನ ಒಂದು ಅಂಚನ್ನು ಗದ್ದಕ್ಕೆ ಒತ್ತಿಹಿಡಿದು, ನೋಯದ ಒಂದೇ ಕೈಯಲ್ಲಿ, ನಾಲ್ಕೇ ಚಲನೆಗಳಲ್ಲಿ ಮಡಿಸಿದಳು. ಮೂಲೆಗೆ ಮೂಲೆ ಕೂಡಿ, ಪುಸ್ತಕದಂಥ ಒಂದು ಚೌಕ. ನಗುತ್ತಿದ್ದವರು ಬಾಯಿ ಮುಚ್ಚಿ ನೋಡಿದರು.

"ಇಸ್ತ್ರಿ ಕೆಲಸ ನಂದು," ಎಂದಳು ಗೆರೆಯಕ್ಕ. "ಇಪ್ಪತ್ತಾರು ವರ್ಷದಿಂದ ಬಟ್ಟೆ ತುಳಿದಿಲ್ಲ. ಹೆದರಿಕೊಂಡು ಪಕ್ಕಕ್ಕೆ ನಿಂತಿದ್ದಲ್ಲ."

ಟೀಚರಿಗೆ ಮುಖ ಸಣ್ಣಗಾಯಿತು. "ನಂಗೆ ಗೊತ್ತಾಗ್ಲಿಲ್ಲ ಅಮ್ಮಾ. ನಾಳೆ ಬರ್ತೀರಾ?"

"ಯಾಕೆ ಬರಬಾರ್ದು?"

ದಾರಿಯುದ್ದಕ್ಕೂ ಆ ಹಳೆಯ ಮೇಲ್ವಿಚಾರಕನ ಮಾತು ಕಿವಿಯಲ್ಲಿ ಗುಂಯ್ಗುಟ್ಟಿತು. ಅವನು ಕೆಲಸ ಬಿಟ್ಟು ಎಷ್ಟು ಕಾಲವಾಯಿತು. ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಅವನು ಹೋದ, ಅವನ ಮಾತು ತನ್ನ ಅಂಗಾಲಿನಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದೆ. ಈ ಬೆಡ್‌ಶೀಟ್ ಯಾವ ಅತಿಥಿಯದು? ತನ್ನದೇ ಅಲ್ಲವೇ?

ಮರುದಿನ ಹಾಲಿನಲ್ಲಿ ಬೆಡ್‌ಶೀಟ್ ಹಾಸಿ, ಉಸಿರು ಬಿಗಿಹಿಡಿದು, ಬಲಗಾಲನ್ನು ಅದರ ನಟ್ಟನಡುವೆ ಇಟ್ಟಳು. ಬಟ್ಟೆ ಅವಳ ಹಿಮ್ಮಡಿಯ ಸುತ್ತ ಮುದುಡಿತು. ಆ ಸುಕ್ಕುಗಳನ್ನು ನೋಡಿ ಜೀವ ಬಾಯಿಗೆ ಬಂದಂತಾಯಿತು. ಎಡಗಾಲನ್ನೂ ಇಟ್ಟಳು. ಯಾರೂ ಏನೂ ಅನ್ನಲಿಲ್ಲ. ಗಂಟು ಸುರಿಯಲಿಲ್ಲ, ಸೂರು ಬೀಳಲಿಲ್ಲ. ಆಮೇಲೆ ಬೇಕೆಂದೇ ಎರಡೂ ಪಾದಗಳನ್ನು ಅದರ ಮೇಲೆ ಚೆನ್ನಾಗಿ ಉಜ್ಜಿದಳು.

ಹೀಗೆ ವಾರಗಳು ಸಾಗಿದವು. ಮೊದಲು ಕಷ್ಟವಾದದ್ದು ಭುಜವಲ್ಲ, ಉಸಿರು. ಇಸ್ತ್ರಿ ಪೆಟ್ಟಿಗೆಯನ್ನು ಒತ್ತುವಾಗ ಅವಳು ಉಸಿರು ಕಟ್ಟಿಕೊಳ್ಳುತ್ತಿದ್ದಳು. ಕಾಲರಿನ ಒಂದು ಅಂಚು ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಇಲ್ಲೂ ಕೈ ಎತ್ತಿದೊಡನೆ ಉಸಿರು ತಾನಾಗಿ ನಿಲ್ಲುತ್ತಿತ್ತು. "ಅಮ್ಮಾ, ಉಸಿರು," ಎಂದು ಟೀಚರು ಹಾಲಿನ ಆ ತುದಿಯಿಂದ ಗರ್ಜಿಸುತ್ತಿದ್ದಳು. "ಬಿಡ್ತೀನಿ ಬಿಡ್ತೀನಿ, ಅದೇನು ಓಡಿಹೋಗುತ್ತಾ," ಎಂದು ಇವಳು ಗೊಣಗುತ್ತಿದ್ದಳು. ಕೂತು ಮುಂದಕ್ಕೆ ಬಾಗಿದರೆ ಹೊಟ್ಟೆಯೇ ಮೊದಲು ತೊಡೆ ಮುಟ್ಟಿ, ತಲೆಗೆ ಜಾಗ ಉಳಿಯುತ್ತಿರಲಿಲ್ಲ. ನಿಂತು ಬಾಗಿದರೆ ಕೈ ನೆಲಕ್ಕೆ ಎಟುಕುತ್ತಿರಲಿಲ್ಲ. ಟೀಚರು ಮೂಲೆಯ ಬೀರುವಿನಿಂದ ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ತಂದು ಅವಳ ಅಂಗೈಗಳ ಅಡಿಗೆ ಜೋಡಿಸಿದಳು.

"ಇದು ಮೋಸ ಅಲ್ವಾ ಟೀಚರ್?"

"ಯಾರಿಗೆ ಮೋಸ? ನೀವು ಕೆಳಗೆ ಹೋಗಕ್ಕಾಗಲ್ಲ, ನೆಲ ಸ್ವಲ್ಪ ಮೇಲೆ ಬಂತು. ಅಷ್ಟೇ."

ಗೆರೆಯಕ್ಕ ತಲೆ ಕೆಳಗು ಮಾಡಿಕೊಂಡೇ ಆ ಮಾತನ್ನು ಮೆಲುಕು ಹಾಕಿದಳು.

ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವುದು ಡಾಕ್ಟರು ಹೇಳಿಕೊಟ್ಟ ಅಭ್ಯಾಸ. ಒಂದು ಬೆಳಿಗ್ಗೆ ನೋಡುತ್ತಾಳೆ, ನಿನ್ನೆ ಬೆರಳು ತಲುಪಿದ್ದಲ್ಲಿ ಒಂದು ಪೆನ್ಸಿಲ್ ಗೀಟು.

"ಯಾರು ರೀ ಗೋಡೆ ಮೇಲೆ ಗೀಚಿದ್ದು?"

ಗಂಡ ಕುರ್ಚಿಯ ಕಾಲಿಗೆ ಮೆರುಗೆಣ್ಣೆ ಹಚ್ಚುತ್ತಾ ತಲೆ ಎತ್ತಲಿಲ್ಲ. "ನಾನೇ. ಗೋಡೆ ಹಾಳಾದ್ರೆ ಬಣ್ಣ ಬಳಿಯೋನೂ ನಾನೇ ಅಲ್ವಾ."

ನಲವತ್ತು ವರ್ಷ ಗೋಡೆಯ ಮೇಲೆ ಒಂದು ಕಲೆಯನ್ನೂ ಸಹಿಸದ ಮನುಷ್ಯ. ಗೀಟುಗಳು ಮೇಲೇರುತ್ತಾ ಹೋದವು. ಕಿವಿಯಿಂದ ಹಣೆಗೆ, ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಒಂದು ಗೇಣು ಮೇಲಕ್ಕೆ. ಆರೂವರೆ ಅಡಿಯ ಎತ್ತರದಲ್ಲಿ ಅವನು ಮೊದಲೇ ಒಂದು ದಪ್ಪ ಗೆರೆ ಎಳೆದಿಟ್ಟಿದ್ದ.

ಐದನೆಯ ವಾರ ಗೀಟುಗಳು ನಿಂತವು. ದಪ್ಪ ಗೆರೆಗೆ ನಾಲ್ಕು ಬೆರಳಿನಷ್ಟು ಕಡಿಮೆ. ಸೋಮವಾರ ಅಲ್ಲೇ, ಮಂಗಳವಾರ ಅಲ್ಲೇ. ಹಟಕ್ಕೆ ಬಿದ್ದು ಬುಧವಾರ ಹಲ್ಲು ಕಚ್ಚಿ ತಳ್ಳಿದ್ದಕ್ಕೆ ಇಡೀ ಗುರುವಾರ ಬಾಚಣಿಗೆ ಎತ್ತಲಾಗಲಿಲ್ಲ, ಗಂಡನೇ ತಲೆ ಬಾಚಿದ, ಬೈತಲೆ ಸೊಟ್ಟಗಾಯಿತು. ಡಾಕ್ಟರು ಹೇಳಿದ್ದಿಷ್ಟೇ: ಇಷ್ಟು ಬಂದದ್ದೇ ಹೆಚ್ಚು, ಉಳಿದದ್ದು ವರ್ಷದಲ್ಲಿ ಬರಬಹುದು, ಬಾರದೆಯೂ ಇರಬಹುದು. ಇವಳ ಕೈಯಲ್ಲಿ ಇದ್ದದ್ದು ಎಂಟು ದಿನ.

ಶುಕ್ರವಾರ ಕ್ಲಾಸು ಮುಗಿದ ಮೇಲೆ ಟೀಚರನ್ನು ಮೆಟ್ಟಿಲಲ್ಲೇ ತಡೆದಳು. "ಆ ನಾಲ್ಕು ಬೆರಳು ಬರುತ್ತಾ ಇಲ್ವಾ? ಸಮಾಧಾನ ಮಾಡ್ಬೇಡಿ, ನೇರ ಹೇಳಿ."

"ಗೊತ್ತಿಲ್ಲ ಅಮ್ಮಾ," ಎಂದಳು ಟೀಚರು. ಮೊದಲ ಸಲ ಅವಳ ದನಿ ನಿಜಕ್ಕೂ ಮೆತ್ತಗಿತ್ತು. "ಎಳೆದು ತಂದ್ರೆ ಹರಿಯುತ್ತೆ. ಅದು ಮಾತ್ರ ಗೊತ್ತು."

ಅಂದು ನೆಲಮಾಳಿಗೆಯಲ್ಲಿ ಗೆರೆಯಕ್ಕ ಇಸ್ತ್ರಿಗಿಂತ ಹೆಚ್ಚಾಗಿ ಕಂಬಿಯನ್ನೇ ನೋಡಿದಳು. ಇಷ್ಟು ವರ್ಷ ಅದಕ್ಕೆ ಬೆನ್ನು ಹಾಕಿ ನಿಂತಿದ್ದವಳು, ಈಗ ಕೈ ಸೋತ ಮೇಲೆ ಉಳಿದವರ ಕೈಗಳನ್ನು ಕಂಡಳು. ನಾಲ್ಕನೆಯ ಮೇಜಿನವಳನ್ನು ಎಲ್ಲರೂ ಕುಳ್ಳಿ ಎನ್ನುತ್ತಿದ್ದರು. ಅವಳು ಇವಳ ಕೋಟುಗಳನ್ನೂ ಸೇರಿಸಿ ದಿನಕ್ಕೆ ನಾನೂರು ಸಲ, ತುದಿಗಾಲಲ್ಲಿ ನಿಂತು, ಒಂದು ಸಣ್ಣ ಜಿಗಿತದೊಂದಿಗೆ ಹ್ಯಾಂಗರು ಸಿಕ್ಕಿಸುತ್ತಿದ್ದಳು. ಪ್ರತಿ ಜಿಗಿತಕ್ಕೂ ಎಡಗೈ ಸೊಂಟದ ಹಿಂದಕ್ಕೆ ಹೋಗುತ್ತಿತ್ತು.

"ಸೊಂಟಕ್ಕೇನಾಯ್ತೇ?"

"ಯಾವಾಗ್ಲೂ ಇರೋದೇ ಅಕ್ಕಾ. ನನ್ನ ಕುಳ್ಳತನಕ್ಕೆ ಕಂಬಿ ಏನು ಮಾಡುತ್ತೆ."

ಊಟದ ಬಿಡುವಿನಲ್ಲಿ ಗೆರೆಯಕ್ಕ ಬಾಯ್ಲರ್ ಕೋಣೆಗೆ ಹೋದಳು. ಬಾಯ್ಲರಣ್ಣ ನೆಲಮಾಳಿಗೆಯಲ್ಲಿ ಅವಳಿಗಿಂತ ಹಳಬ. ಅಲ್ಲಿನ ಒಂದೊಂದು ಕೊಳವೆ, ಒಂದೊಂದು ಬೋಲ್ಟೂ ಅವನ ಕೈಯಿಂದ ಆದದ್ದು.

"ಅಣ್ಣಾ, ಆ ಕಂಬೀನ ಅಷ್ಟು ಮೇಲೆ ಯಾಕೆ ಹಾಕಿದ್ರಿ?"

ಅವನು ತಟ್ಟೆಯಿಂದ ತಲೆ ಎತ್ತಿದ. "ಪರದೆಗೆ ಕಣಮ್ಮ. ಮೊದಲು ಊಟದ ಹಾಲಿನ ಪರದೆಗಳನ್ನ ಅದರ ಮೇಲೆ ಇಳಿಬಿಟ್ಟು ಒಣಗಿಸ್ತಿದ್ರು. ಉದ್ದ ಪರದೆ, ನೆಲ ಮುಟ್ಟಬಾರ್ದಲ್ಲ."

"ಈಗ ಪರದೆ ಎಲ್ಲಿದೆ?"

"ಅದು ಹೋಗಿ ಯಾವ ಕಾಲವಾಯ್ತು. ಕಿಟಕಿಗೆಲ್ಲ ಪ್ಲಾಸ್ಟಿಕ್ ಪಟ್ಟಿ ಬಂತಲ್ಲ. ಆಮೇಲೆ ಯಾರೋ ಕೋಟು ನೇತುಹಾಕೋಕೆ ಶುರು ಮಾಡಿದ್ರು, ಹಾಗೇ ಮುಂದುವರೀತು."

"ಇಳಿಸ್ಬೇಕು ಅಂತ ಯಾರೂ ಕೇಳಲಿಲ್ವಾ?"

ಬಾಯ್ಲರಣ್ಣ ತುತ್ತು ಕಲಸಿದ. "ಇಲ್ಲ. ಕೇಳಿದ್ರೆ ಇಳಿಸ್ತಿದ್ದೆ. ನಾಲ್ಕು ಬೋಲ್ಟು."

ನಾಲ್ಕು ಬೋಲ್ಟು. ಎಂದೋ ಇಲ್ಲವಾದ ಪರದೆಗಳಿಗಾಗಿ ಗೆರೆಯಕ್ಕನ ಭುಜ ಸವೆದಿತ್ತು, ಕುಳ್ಳಿಯ ಸೊಂಟ ಸವೆಯುತ್ತಿತ್ತು. ಐದು ವಾರ ತನ್ನ ತೋಳನ್ನು ಬೈದಿದ್ದಳು. ಕಂಬಿಯನ್ನು ಒಮ್ಮೆಯೂ ಬೈದಿರಲಿಲ್ಲ.

ಆರನೆಯ ವಾರದ ಕೊನೆಯ ದಿನ ಮೇಲ್ವಿಚಾರಕ ಬಂದು ಮೂರನೆಯ ಮೇಜಿನ ಮುಂದೆ ನಿಂತ. ಆವಿ ಇಸ್ತ್ರಿಗಳು ಒಂದೊಂದಾಗಿ ಸುಮ್ಮನಾದವು. ಅವಳು ಒಂದು ಕೋಟನ್ನು ಹ್ಯಾಂಗರಿಗೆ ಹಾಕಿ, ಬಲಗೈಯಲ್ಲಿ ಹಿಡಿದು, ಉಸಿರು ಒಳಗೆಳೆದು, ಬಿಡುತ್ತಾ ಬಿಡುತ್ತಾ ಕೈಯನ್ನು ಮೇಲಕ್ಕೆ ಒಯ್ದಳು. ಕಿವಿ ದಾಟಿತು. ನೆತ್ತಿ ದಾಟಿತು. ಇನ್ನೂ ಏರಿತು. ಕಂಬಿಗೆ ನಾಲ್ಕು ಬೆರಳು ಉಳಿದಿರುವಾಗ ಅವಳು ನಿಲ್ಲಿಸಿದಳು.

"ಇನ್ನು ಸ್ವಲ್ಪ ಅಕ್ಕಾ," ಎಂದು ಕುಳ್ಳಿ ಪಿಸುಗುಟ್ಟಿದಳು.

"ಇಲ್ಲ," ಎಂದಳು ಗೆರೆಯಕ್ಕ, ಕೈ ಇಳಿಸದೆ. "ನನ್ನ ಕೈ ಇಷ್ಟು ಸಾರ್. ಆರು ವಾರದ ಹಿಂದೆ ಕಿವಿ ಹತ್ರ ಇತ್ತು. ನನ್ನ ಪಾಲಿನ ದಾರಿ ನಾನು ಬಂದಿದ್ದೀನಿ. ಇನ್ನುಳಿದಿದ್ದು ಕಂಬಿ ಬರಬೇಕು."

"ಕಂಬಿ ಬರಬೇಕಾ?"

"ಅದು ಪರದೆಗೆ ಅಂತ ಹಾಕಿದ್ದು. ಪರದೆ ಈಗಿಲ್ಲ. ಬಾಯ್ಲರಣ್ಣನ್ನ ಕೇಳಿ."

ಮೇಲ್ವಿಚಾರಕನ ಹುಬ್ಬು ಗಂಟಿಕ್ಕಿತು. "ಅಕ್ಕಾ, ನಾವು ಮಾತಾಡಿಕೊಂಡಿದ್ದು ಹೀಗಲ್ಲ. ಆಗಲಿಲ್ಲ ಅಂದ್ರೆ ಟವಲ್ ಕಡೆ ಅಂತ ಒಪ್ಪಿದ್ರಿ."

"ಒಪ್ಪಿದ್ದೆ. ಆಗ ತಪ್ಪು ನನ್ನ ಕೈಯದು ಅಂದ್ಕೊಂಡಿದ್ದೆ. ಈಗ ಅಂದ್ಕೊಂಡಿಲ್ಲ." ಅವಳು ಕೋಟನ್ನು ಇಳಿಸಿ, ಒಂದು ಸುಕ್ಕೂ ಬೀಳದಂತೆ ಮೇಜಿನ ಮೇಲೆ ಮಲಗಿಸಿದಳು. "ನಾನು ಟವಲ್ ಕಡೆ ಹೋಗಲ್ಲ. ಇಸ್ತ್ರಿ ಮಾಡಿ ಇಲ್ಲಿ ಇಡ್ತೀನಿ. ನೇತುಹಾಕಿಸ್ಕೊಳ್ಳಿ."

ಕುಳ್ಳಿ ತನ್ನ ಕೈಯಲ್ಲಿದ್ದ ಕೋಟಿನ ಕಡೆ ನೋಡಿದಳು, ಕಂಬಿಯ ಕಡೆ ನೋಡಿದಳು. ಆಮೇಲೆ ಅದನ್ನು ತನ್ನ ಮೇಜಿನ ಮೇಲೆ ಮಲಗಿಸಿದಳು. ಒಂದನೆಯ ಮೇಜಿನವಳೂ ಹಾಗೇ ಮಾಡಿದಳು. ಆರನೆಯವಳು ಕೆಮ್ಮಿದಂತೆ ನಟಿಸುತ್ತಾ ಮಾಡಿದಳು. ಉಳಿದಿಬ್ಬರೂ ಹಿಂದುಳಿಯಲಿಲ್ಲ.

"ಇದೇನು ಮಹಾ ಕೆಲಸ," ಎಂದು ಮೇಲ್ವಿಚಾರಕ ಅಂಗಿಯ ತೋಳು ಮಡಿಸಿಕೊಂಡ. ಅವನು ಎತ್ತರದವನು. ಸರಸರನೆ ಕೋಟುಗಳನ್ನು ನೇತುಹಾಕತೊಡಗಿದ. ಹತ್ತಾಯಿತು, ಇಪ್ಪತ್ತಾಯಿತು. ಆರು ಮೇಜುಗಳು ಬುಸುಗುಟ್ಟುತ್ತಾ ಅವನಿಗೆ ಬಿಡುವಿಲ್ಲದಂತೆ ಕೋಟುಗಳನ್ನು ಒದಗಿಸಿದವು. ಅಂದು ಕೈಗಳೆಲ್ಲ ಎಂದಿಗಿಂತ ಚುರುಕಾಗಿದ್ದವು. ತೊಂಬತ್ತರ ಹೊತ್ತಿಗೆ ಅವನು ಭುಜ ನೀವಿಕೊಂಡ. ನೂರಾ ಮೂವತ್ತರ ಹೊತ್ತಿಗೆ ಕೈ ಬದಲಾಯಿಸಿದ.

"ಉಸಿರು ಕಟ್ಟಬೇಡಿ ಸಾರ್," ಎಂದಳು ಗೆರೆಯಕ್ಕ. "ಎತ್ತೋವಾಗ ಬಿಡಬೇಕು. ಮಧ್ಯಾಹ್ನಕ್ಕೆ ಇನ್ನೂ ಮುನ್ನೂರಿದೆ."

ಯಾರೋ ಕಿಸಕ್ಕೆಂದರು. ಅವನಿಗೂ ನಗು ತಡೆಯಲಾಗಲಿಲ್ಲ, ಆದರೆ ನಕ್ಕರೆ ಸೋತಂತೆ ಎಂದು ಮುಖ ಆಚೆ ತಿರುಗಿಸಿದ. ಊಟದ ಗಂಟೆ ಹೊಡೆದಾಗ ಬಾಯ್ಲರ್ ಕೋಣೆಯ ಬಾಗಿಲಿಗೆ ಹೋಗಿ, "ಅಣ್ಣಾ, ಆ ಕಂಬೀನ ಒಂದ್ಸಲ ನೋಡಿ," ಎಂದ.

ಬಾಯ್ಲರಣ್ಣ ಸ್ಪ್ಯಾನರು, ಸೀಮೆಸುಣ್ಣ ಹಿಡಿದುಕೊಂಡೇ ಬಂದ. ಬೆಳಿಗ್ಗೆಯಿಂದ ಜೇಬಿನಲ್ಲಿಟ್ಟುಕೊಂಡಿದ್ದನೋ ಏನೋ.

"ಎಲ್ಲಿಗೆ ಇಳಿಸ್ಲಿ? ನಿನ್ನ ಕೈ ಎತ್ತು ತಾಯಿ, ಗುರುತು ಹಾಕ್ತೀನಿ. ನಾಲ್ಕೇ ಬೆರಳು ಅಲ್ವಾ?"

ಎಲ್ಲರೂ ಗೆರೆಯಕ್ಕನ ಕಡೆ ನೋಡಿದರು. ಅವಳು ಕೈ ಎತ್ತಲಿಲ್ಲ. ಕುಳ್ಳಿಯ ಬೆನ್ನಿಗೆ ಕೈಯಿಟ್ಟು ಅವಳನ್ನು ಕಂಬಿಯ ಕೆಳಕ್ಕೆ ತಳ್ಳಿದಳು.

"ಅಕ್ಕಾ, ನಾನ್ಯಾಕೆ, ಗೆದ್ದಿದ್ದು ನೀವು," ಎಂದು ಕುಳ್ಳಿ ಹಿಂಜರಿದು, ಅಭ್ಯಾಸಬಲದಿಂದ ತುದಿಗಾಲಲ್ಲಿ ನಿಂತಳು.

"ಹಿಮ್ಮಡಿ ಊರು," ಎಂದಳು ಗೆರೆಯಕ್ಕ. "ಪೂರ್ತಿ ಊರು. ಈಗ ಕೈ ಎತ್ತು. ಎಳೀಬೇಡ. ಎಲ್ಲಿ ಸುಖವಾಗಿದೆಯೋ ಅಲ್ಲಿ ನಿಲ್ಲಿಸು."

ಕುಳ್ಳಿಯ ಕೈ ಕಂಬಿಗಿಂತ ಒಂದೂಕಾಲು ಅಡಿ ಕೆಳಗೆ ನಿಂತಿತು.

"ಅಷ್ಟು ಕೆಳಗಾ?" ಎಂದ ಮೇಲ್ವಿಚಾರಕ.

"ಅಷ್ಟೇ," ಎಂದಳು ಗೆರೆಯಕ್ಕ.

ಬಾಯ್ಲರಣ್ಣ ಆ ಬೆರಳ ತುದಿಯಲ್ಲಿ ಗೋಡೆಗೆ ಸುಣ್ಣದ ಗೀಟು ಎಳೆದು, ಮೊದಲ ಬೋಲ್ಟಿಗೆ ಸ್ಪ್ಯಾನರು ಕೊಟ್ಟ. ತುಕ್ಕು ಹಿಡಿದ ಬೋಲ್ಟು ಕಿರುಗುಟ್ಟಿತು, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅವನು ಎಣ್ಣೆ ಬಿಟ್ಟು ಕಾದ. ಹೆಂಗಸರೂ ಊಟಕ್ಕೆ ಹೋಗದೆ ಕಾದರು.